ಕಾಲೇಜು ಮಕ್ಕಳ ಮೌನಕ್ಕೆ ಕಿವಿಗೊಡಿ

ಬೆಳಗ್ಗೆ ಏಳೂವರೆ ಹೊತ್ತಿಗೆ ಕಿಬ್ಬನಹಳ್ಳಿ ಕ್ರಾಸ್‌ನಲ್ಲಿ ನಿಂತು ನೋಡಿ. ಒಂದು ರಸ್ತೆ ತಿಪಟೂರಿಗೆ, ಒಂದು ತುರುವೇಕೆರೆಗೆ, ಮತ್ತೊಂದು ಚಿಕ್ಕನಾಯಕನಹಳ್ಳಿಗೆ, ಇನ್ನೊಂದು ತುಮಕೂರಿನ ಕಡೆಗೆ. ಸುತ್ತಲಿನ ಹಳ್ಳಿಗಳಿಂದ ಬಂದ ಕಾಲೇಜು ಮಕ್ಕಳು ಪುಸ್ತಕದ ಚೀಲ, ಊಟದ ಡಬ್ಬಿ ಹಿಡಿದು ಬಸ್ಸಿಗೆ ಕಾಯುತ್ತಿರುತ್ತಾರೆ. ನಗು, ಗಲಾಟೆ, ಕೀಟಲೆ ಎಲ್ಲವೂ ಇರುತ್ತದೆ. ಆ ಗುಂಪಿನಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಸುಮ್ಮನೆ ನಿಂತಿರುವುದುಂಟು. ಬಸ್ಸು ಬಂದಾಗ ಎಲ್ಲರೊಡನೆ ಹತ್ತುತ್ತಾರೆ, ಸಂಜೆ ಎಲ್ಲರೊಡನೆ ಇಳಿಯುತ್ತಾರೆ. ಮನೆಯಲ್ಲಿ ಕೇಳಿದರೆ 'ಏನಿಲ್ಲಮ್ಮಾ, ಚೆನ್ನಾಗಿದ್ದೀನಿ' ಎನ್ನುತ್ತಾರೆ.

ಈ 'ಏನಿಲ್ಲ' ಎಂಬ ಮಾತಿನ ಹಿಂದೆ ಕೆಲವೊಮ್ಮೆ ನಿಜಕ್ಕೂ ಏನೂ ಇರುವುದಿಲ್ಲ. ಕೆಲವೊಮ್ಮೆ ಮಾತ್ರ, ಹೇಳಿಕೊಳ್ಳಲಾಗದ ನೋವಿರುತ್ತದೆ. ಆ ನೋವು ಬಲಿತು 'ಬದುಕಿದ್ದು ಏನು ಪ್ರಯೋಜನ?' ಎಂಬ ಯೋಚನೆಯಾಗುವುದೂ ಉಂಟು. ಮಕ್ಕಳನ್ನು ಕಾಲೇಜಿಗೆ ಕಳಿಸುತ್ತಿರುವ ಪ್ರತಿಯೊಂದು ಕುಟುಂಬವೂ ಈ ವಿಷಯವನ್ನು ತಿಳಿದಿರಬೇಕು. ಆತ್ಮಹತ್ಯೆ ಎಂಬ ಪದವೇ ಅಪಶಕುನ, ಅದನ್ನು ಮನೆಯಲ್ಲಿ ಆಡಬಾರದು ಎಂದುಕೊಂಡು ನಾವು ಸುಮ್ಮನಿದ್ದರೆ, ನಮ್ಮ ಮಕ್ಕಳೂ ಸುಮ್ಮನಿದ್ದುಬಿಡುತ್ತಾರೆ.

ಅಂಕಿ ಅಂಶಗಳು ಏನು ಹೇಳುತ್ತವೆ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ಸಾವಿಗೀಡಾದರು. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಅಂದರೆ ದಿನವೊಂದಕ್ಕೆ 35ಕ್ಕೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, 2021ರಲ್ಲಿ 15ರಿಂದ 29 ವರ್ಷ ವಯಸ್ಸಿನವರ ಸಾವಿನ ಕಾರಣಗಳಲ್ಲಿ ಆತ್ಮಹತ್ಯೆ ಮೂರನೆಯ ಸ್ಥಾನದಲ್ಲಿತ್ತು.

'ಪರೀಕ್ಷೆಯಲ್ಲಿ ಫೇಲಾದರು, ಅದಕ್ಕೇ ಹೀಗಾಯಿತು' ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. 2022ರ ಅದೇ ವರದಿಯಲ್ಲಿ, ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದಾಗ, ಪರೀಕ್ಷೆಯಲ್ಲಿ ಅನುತ್ತೀರ್ಣತೆ ಕಾರಣವೆಂದು ಬರೆದುಕೊಂಡಿರುವುದು ಶೇಕಡ 1.2 ಪ್ರಕರಣಗಳಲ್ಲಿ. ಕೌಟುಂಬಿಕ ಸಮಸ್ಯೆ ಶೇ 31.7, ಕಾಯಿಲೆ ಶೇ 18.4. ಪೊಲೀಸರ ದಾಖಲೆಯಲ್ಲಿ ಒಂದು ಸಾವಿಗೆ ಒಂದು ಕಾರಣವನ್ನು ಬರೆಯಲು ಜಾಗವಿರುತ್ತದೆ. ಮನುಷ್ಯನ ಮನಸ್ಸು ಹಾಗಲ್ಲ. ಫಲಿತಾಂಶ, ಪ್ರೇಮಭಂಗ, ಅಪ್ಪನ ಬೈಗುಳ ಇವು ಬಹುಪಾಲು ಕೊನೆಯ ನೆಪಗಳು. ಅದಕ್ಕಿಂತ ಬಹಳ ಮುಂಚಿನಿಂದಲೇ ಒಳಗೆ ಹಲವು ಎಳೆಗಳು ಗಂಟು ಬಿದ್ದಿರುತ್ತವೆ. ಒಂದೇ ತರಗತಿಯಲ್ಲಿ ಹತ್ತು ಮಂದಿ ಫೇಲಾದರೆ ಹತ್ತೂ ಮಂದಿ ಅಳುತ್ತಾರೆ, ಸ್ವಲ್ಪ ದಿನದಲ್ಲಿ ಚೇತರಿಸಿಕೊಳ್ಳುತ್ತಾರೆ. ಹಾಗಾದರೆ ಒಬ್ಬರಿಗೆ ಮಾತ್ರ ಏಕೆ ಅಪಾಯ ಹೆಚ್ಚು? ಇದನ್ನು ತಿಳಿಯಬೇಕಾದರೆ ಮನಸ್ಸಿನ ಒಳಗಿನ ಅಂಶಗಳನ್ನು ಗಮನಿಸಬೇಕು.

ಬೆಂಗಳೂರಿನ ಒಂದು ಅಧ್ಯಯನ

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರೂ ಇದ್ದಾರೆ. ಡಾ. ಜಿ. ಗುರುರಾಜ್, ಡಾ. ಮೋಹನ್ ಐಸಾಕ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಂಗಳೂರಿನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ 269 ಮಂದಿಯ ಬದುಕನ್ನು, ಅವರಿಗೆ ಹೋಲುವ ಅಷ್ಟೇ ಸಂಖ್ಯೆಯ ಜೀವಂತ ವ್ಯಕ್ತಿಗಳ ಬದುಕಿನೊಡನೆ ಹೋಲಿಸಿ ನೋಡಿದರು. ಹಿಂದೊಮ್ಮೆ ಆತ್ಮಹತ್ಯೆಗೆ ಯತ್ನಿಸಿದ್ದುದು, ಕುಟುಂಬದಲ್ಲಿ ತೀವ್ರ ಮನಸ್ತಾಪ, ಮದ್ಯದ ಚಟ, ಮಾನಸಿಕ ಕಾಯಿಲೆ, ಹಠಾತ್ ಆರ್ಥಿಕ ನಷ್ಟ, ಮನೆಯೊಳಗಿನ ಹಿಂಸೆ, ನಿರುದ್ಯೋಗ ಇವೆಲ್ಲ ಅಪಾಯವನ್ನು ಹೆಚ್ಚಿಸಿದ್ದವು. ಅದರ ಜೊತೆಗೆ, ತೀರಿಕೊಂಡವರಲ್ಲಿ ಬದುಕಿನ ಬಗ್ಗೆ ಭರವಸೆಯ ನೋಟ, ಸಮಸ್ಯೆಯನ್ನು ಬಿಡಿಸುವ ರೀತಿ, ಕಷ್ಟವನ್ನು ನಿಭಾಯಿಸುವ ಜಾಣ್ಮೆ ಕಡಿಮೆಯಾಗಿದ್ದುದು ಕಂಡುಬಂತು.

ಈ ಅಧ್ಯಯನ ವಿದ್ಯಾರ್ಥಿಗಳನ್ನಷ್ಟೇ ಕುರಿತದ್ದಲ್ಲ. ಆದರೂ ಅದರ ಕೊನೆಯ ಮಾತು ನಮಗೆ ಮುಖ್ಯ. ಏಕೆಂದರೆ ಭರವಸೆ, ಸಮಸ್ಯೆ ಬಿಡಿಸುವ ಜಾಣ್ಮೆ ಇವು ಹುಟ್ಟಿನಿಂದ ಬಂದು ಬದಲಾಗದೇ ಉಳಿಯುವ ಗುಣಗಳಲ್ಲ. ಇವನ್ನು ಕಲಿಯಬಹುದು, ಕಲಿಸಬಹುದು.

ಅಪಾಯ ಹೆಚ್ಚಿಸುವ ಮಾನಸಿಕ ಅಂಶಗಳು

1. ಹತಾಶೆ: ದುಃಖ ಬೇರೆ, ಹತಾಶೆ ಬೇರೆ. 'ನನಗೆ ಈಗ ಕಷ್ಟವಾಗಿದೆ' ಎನ್ನುವುದು ದುಃಖ. 'ಇದು ಎಂದಿಗೂ ಸರಿಹೋಗುವುದಿಲ್ಲ' ಎನ್ನುವುದು ಹತಾಶೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ ಹತಾಶೆಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು 1974ರಲ್ಲಿ ಪ್ರಕಟಿಸಿದರು. ಸಾಯುವ ಯೋಚನೆಗೆ ಬರಿಯ ದುಃಖಕ್ಕಿಂತ ಹತಾಶೆಯೇ ಹತ್ತಿರದ ನಂಟು ಎಂಬುದು ಅವರ ಅಧ್ಯಯನಗಳಿಂದ ತಿಳಿದುಬಂತು. ಆದ್ದರಿಂದ ನಿಮ್ಮ ಮಗಳು ಅಳುತ್ತಿದ್ದಾಳೆಯೇ ಎಂಬುದಷ್ಟೇ ಮುಖ್ಯವಲ್ಲ. ಮುಂದಿನ ತಿಂಗಳ ಬಗ್ಗೆ, ಮುಂದಿನ ವರ್ಷದ ಬಗ್ಗೆ ಆಕೆ ಏನು ಮಾತನಾಡುತ್ತಾಳೆ, ಅಥವಾ ಮಾತನ್ನೇ ಆಡುವುದಿಲ್ಲವೇ ಎಂಬುದನ್ನು ಗಮನಿಸಿ.

2. ದೃಷ್ಟಿ ಕಿರಿದಾಗುವುದು: ಲಾಸ್ ಏಂಜಲೀಸ್‌ನಲ್ಲಿ 1958ರಲ್ಲಿ ಆತ್ಮಹತ್ಯೆ ತಡೆ ಕೇಂದ್ರವನ್ನು ಸ್ಥಾಪಿಸಿದವರಲ್ಲೊಬ್ಬರಾದ ಎಡ್ವಿನ್ ಶ್ನೈಡ್‌ಮನ್ ಗುರುತಿಸಿದ ಸಂಗತಿಯಿದು. ತಡೆಯಲಾಗದ ಮನೋವೇದನೆಯಲ್ಲಿರುವ ವ್ಯಕ್ತಿಗೆ ದಾರಿಗಳು ಎರಡೇ ಎಂದು ತೋರುತ್ತದೆ: ಎಲ್ಲವೂ ಸಂಪೂರ್ಣ ಸರಿಹೋಗಬೇಕು, ಇಲ್ಲವೇ ಎಲ್ಲವೂ ಮುಗಿಯಬೇಕು. ನಡುವೆ ಇರುವ ಹತ್ತು ದಾರಿಗಳು ಕಾಣುವುದಿಲ್ಲ. ಒಂದು ವಿಷಯದಲ್ಲಿ ಅಂಕ ಹೋದ ಹುಡುಗನಿಗೆ ಮರುಪರೀಕ್ಷೆ, ಮರುಮೌಲ್ಯಮಾಪನ, ಬೇರೆ ಕೋರ್ಸು, ಒಂದು ವರ್ಷದ ವಿರಾಮ ಎಲ್ಲವೂ ತಿಳಿದಿರುತ್ತದೆ. ಆ ಹೊತ್ತಿನಲ್ಲಿ ಮಾತ್ರ ಒಂದೂ ನೆನಪಿಗೆ ಬರುವುದಿಲ್ಲ. ಅದು ದಡ್ಡತನವಲ್ಲ, ನೋವಿನ ಪರಿಣಾಮ. ಆಗ ಪಕ್ಕದಲ್ಲಿ ಕುಳಿತು ಮೂರನೆಯ ದಾರಿಯನ್ನು ತೋರಿಸುವವರು ಬೇಕು.

ಇನ್ನೂ ಒಂದು ಮಾತು. ಇಂಥವರಲ್ಲಿ ಹೆಚ್ಚಿನವರಿಗೆ ಸಾಯುವ ಆಸೆಯಿರುವುದಿಲ್ಲ, ನೋವು ನಿಲ್ಲಬೇಕೆಂಬ ಆಸೆಯಿರುತ್ತದೆ. ಬದುಕುವ ಇಚ್ಛೆಯೂ ಅದೇ ಕ್ಷಣದಲ್ಲಿ ಜೊತೆಗಿರುತ್ತದೆ. ಸಹಾಯ ಮಾಡಲು ಸಾಧ್ಯವಾಗುವುದೇ ಇದರಿಂದ.

3. 'ನಾನೊಂದು ಹೊರೆ' ಎಂಬ ಭಾವನೆ: ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ 2005ರಲ್ಲಿ ಒಂದು ಸಿದ್ಧಾಂತವನ್ನು ಮುಂದಿಟ್ಟರು. 'ನಾನು ಯಾರಿಗೂ ಸೇರಿದವನಲ್ಲ' ಮತ್ತು 'ನಾನು ನನ್ನವರಿಗೆ ಹೊರೆ' ಎಂಬ ಎರಡು ಭಾವನೆಗಳು ಒಟ್ಟಿಗೆ ಬಂದಾಗ ಸಾಯುವ ಯೋಚನೆ ಬಲಿಯುತ್ತದೆ ಎಂಬುದು ಅದರ ತಿರುಳು.

ನಮ್ಮ ತೆಂಗಿನ ಸೀಮೆಯ ಮನೆಗಳಲ್ಲಿ ಈ ಎರಡನೆಯ ಭಾವನೆ ಹೇಗೆ ಹುಟ್ಟುತ್ತದೆ ನೋಡಿ. ಕೊಬ್ಬರಿ ಬೆಲೆ ಒಂದು ವರ್ಷ ಏರುತ್ತದೆ, ಇನ್ನೊಂದು ವರ್ಷ ನೆಲಕಚ್ಚುತ್ತದೆ. ಉಂಡೆ ಕೊಬ್ಬರಿಯಾಗಲು ಕಾಯಿ ಅಟ್ಟದ ಮೇಲೆ ಹೆಚ್ಚು ಕಡಿಮೆ ಒಂದು ವರ್ಷ ಕಾಯಬೇಕು. ಕಾಲೇಜಿನ ಫೀಸು ಕಾಯುವುದಿಲ್ಲ. ಅಪ್ಪ ಸಾಲ ಮಾಡುತ್ತಾನೆ, ಅಮ್ಮ ಒಡವೆ ಅಡವಿಡುತ್ತಾಳೆ. 'ನಿನಗೋಸ್ಕರ ಇಷ್ಟೆಲ್ಲ ಮಾಡಿದ್ದೇವೆ' ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಹುಡುಗನ ಕಿವಿಗೆ ಅದು ಬೇರೆಯಾಗಿಯೇ ಕೇಳಿಸುತ್ತದೆ: 'ನಿನ್ನಿಂದ ನಮಗೆ ಇಷ್ಟೆಲ್ಲ ಕಷ್ಟ.' ಒಂದು ಸೆಮಿಸ್ಟರ್ ಕೈಕೊಟ್ಟರೆ, 'ನಾನಿಲ್ಲದಿದ್ದರೆ ಇವರಿಗೆ ಸಾಲವಾದರೂ ಇರುತ್ತಿರಲಿಲ್ಲ' ಎಂಬ ಲೆಕ್ಕ ಹಾಕುತ್ತಾನೆ. ಈ ಲೆಕ್ಕ ಪೂರ್ತಿ ತಪ್ಪು. ಮಗುವನ್ನು ಕಳೆದುಕೊಂಡ ಯಾವ ಮನೆಗೂ ಹೊರೆ ಇಳಿದಂತಾಗುವುದಿಲ್ಲ. ಆದರೆ ಅದು ತಪ್ಪೆಂದು ಅವನಿಗೆ ನಾವು ಬಾಯಿಬಿಟ್ಟು ಹೇಳಬೇಕಾಗುತ್ತದೆ.

4. ಪರಿಪೂರ್ಣತೆಯ ಹಂಬಲ: ಚೆನ್ನಾಗಿ ಓದುವ ಮಕ್ಕಳಿಗೆ ಅಪಾಯವಿಲ್ಲ ಎಂದು ತಿಳಿಯಬೇಡಿ. 'ಎಲ್ಲರೂ ನನ್ನಿಂದ ತಪ್ಪಿಲ್ಲದ ಸಾಧನೆಯನ್ನೇ ನಿರೀಕ್ಷಿಸುತ್ತಾರೆ, ಸ್ವಲ್ಪ ಜಾರಿದರೂ ನನಗೆ ಬೆಲೆಯಿಲ್ಲ' ಎಂಬ ಮನೋಭಾವ ಅಪಾಯಕಾರಿ. ಊರಿನ ಶಾಲೆಯಲ್ಲಿ ಮೊದಲ ಸ್ಥಾನದಲ್ಲಿದ್ದವಳು ನಗರದ ಕಾಲೇಜಿನಲ್ಲಿ ನಲವತ್ತನೆಯವಳಾದಾಗ ಅವಳಿಗೆ ಕುಸಿಯುವುದು ಅಂಕವಲ್ಲ, ತನ್ನ ಗುರುತು.

5. ಕೀಳರಿಮೆ ಮತ್ತು ಒಂಟಿತನ: ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಒಮ್ಮೆಲೇ ಇಂಗ್ಲಿಷಿನ ವಿಜ್ಞಾನ ತರಗತಿಯಲ್ಲಿ ಕುಳಿತ ಮಗುವನ್ನು ಊಹಿಸಿಕೊಳ್ಳಿ. ಅರ್ಥವಾಗದಿದ್ದರೂ ಕೇಳಲು ನಾಚಿಕೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ತಲೆಮಾರು ಇವರೇ ಆದರೆ, ಮನೆಯವರಿಗೆ ಹೇಳಿದರೂ ತಿಳಿಯುವುದಿಲ್ಲವೆಂಬ ಕೊರಗು. ಹಾಸ್ಟೆಲಿನಲ್ಲಿ ನೂರು ಜನರ ನಡುವೆ ಒಂಟಿತನ. ಮೊಬೈಲಿನಲ್ಲಿ ಎಲ್ಲರೂ ನಗುತ್ತಿರುವ ಚಿತ್ರಗಳನ್ನು ನೋಡಿ 'ನನ್ನ ಬದುಕೊಂದೇ ಹೀಗೆ' ಎಂಬ ಹೋಲಿಕೆ. ಜಾತಿ, ಬಡತನ, ಬಣ್ಣ, ಭಾಷೆ, ಹೆಣ್ತನ ಅಥವಾ ಗಂಡಸುತನದ ಬಗ್ಗೆ ಸಹಪಾಠಿಗಳ ಗೇಲಿಯೂ ಸೇರಿದರೆ ಮನಸ್ಸು ಇನ್ನೂ ಮುದುಡುತ್ತದೆ.

6. ದುಡುಕು: ಆವೇಗವನ್ನು ಹತೋಟಿಯಲ್ಲಿಡುವ ಮೆದುಳಿನ ಮುಂಭಾಗ ಪೂರ್ಣವಾಗಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಆದ್ದರಿಂದ ಹದಿನೆಂಟು, ಇಪ್ಪತ್ತರ ವಯಸ್ಸಿನಲ್ಲಿ ಭಾವನೆ ಓಡುತ್ತದೆ, ವಿವೇಚನೆ ಹಿಂದೆ ನಡೆದು ಬರುತ್ತದೆ. ಮದ್ಯ ಸೇರಿದರೆ ಈ ಹತೋಟಿ ಇನ್ನಷ್ಟು ಸಡಿಲವಾಗುತ್ತದೆ. ಎಷ್ಟೋ ಮಂದಿಗೆ ತೀವ್ರ ಆವೇಗ ಇರುವುದು ಕೆಲವು ನಿಮಿಷ, ಕೆಲವು ಗಂಟೆ ಮಾತ್ರ. ಆ ಹೊತ್ತನ್ನು ದಾಟಿಸಿದರೆ ಜೀವ ಉಳಿಯುತ್ತದೆ.

7. ಗುರುತಿಸದೆ ಉಳಿದ ಕಾಯಿಲೆ: ಖಿನ್ನತೆ, ಆತಂಕ, ಬೈಪೋಲಾರ್, ಸ್ಕಿಜೋಫ್ರೇನಿಯಾ ಮೊದಲಾದವು ಹೆಚ್ಚಾಗಿ ಶುರುವಾಗುವುದು ಈ ವಯಸ್ಸಿನಲ್ಲೇ. 2005ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ, ಮಾನಸಿಕ ಕಾಯಿಲೆಗಳ ನಾಲ್ಕರಲ್ಲಿ ಮೂರು ಪಾಲು 24 ವರ್ಷದೊಳಗೇ ಆರಂಭವಾಗಿದ್ದವು. ಓದಿನಲ್ಲಿ ಆಸಕ್ತಿ ಹೋದದ್ದನ್ನು 'ಸೋಮಾರಿತನ' ಎಂದೂ, ಸಿಡುಕನ್ನು 'ಕೊಬ್ಬು' ಎಂದೂ ನಾವು ತಪ್ಪಾಗಿ ಓದುತ್ತೇವೆ. ಹಿಂದೆ ಒಮ್ಮೆ ಯತ್ನಿಸಿದವರು, ಬಾಲ್ಯದಲ್ಲಿ ಲೈಂಗಿಕ ಅಥವಾ ದೈಹಿಕ ದೌರ್ಜನ್ಯಕ್ಕೆ ಒಳಗಾದವರು, ಮನೆಯಲ್ಲಿ ಈ ಬಗೆಯ ಸಾವನ್ನು ಕಂಡವರು ಇವರ ಬಗ್ಗೆ ಹೆಚ್ಚಿನ ಎಚ್ಚರ ಬೇಕು.

ಇವುಗಳಲ್ಲಿ ಯಾವುದೋ ಒಂದು ನಿಮ್ಮ ಮಗುವಿನಲ್ಲಿ ಇದೆಯೆಂದು ಗಾಬರಿಯಾಗಬೇಡಿ. ಒಂದೊಂದು ಅಂಶವೂ ಬಹಳ ಮಕ್ಕಳಲ್ಲಿ ಇರುತ್ತದೆ, ಅವರು ಬದುಕಿ ಬಾಳುತ್ತಾರೆ. ಹಲವು ಅಂಶಗಳು ಒಟ್ಟಾದಾಗ, ಅದರ ಮೇಲೆ ಹೊಸ ಪೆಟ್ಟೊಂದು ಬಿದ್ದಾಗ ಅಪಾಯ ಏರುತ್ತದೆ.

ಗುರುತಿಸುವುದು ಹೇಗೆ?

ಕೆಂಪು ಮೂತಿ ಹುಳು ಹೊಕ್ಕ ತೆಂಗಿನ ಮರ ಹೊರಗಿನಿಂದ ಬಹಳ ದಿನ ಹಸಿರಾಗಿಯೇ ಕಾಣುತ್ತದೆ. ಅನುಭವವಿರುವ ರೈತ ಕಾಂಡಕ್ಕೆ ಕಿವಿಯಿಟ್ಟು ಒಳಗೆ ಕೊರೆಯುವ ಸದ್ದನ್ನು ಆಲಿಸುತ್ತಾನೆ. ಸುಳಿ ಬಿದ್ದ ಮೇಲೆ ಮಾಡುವುದು ಕಡಿಮೆ ಎಂದು ಅವನಿಗೆ ಗೊತ್ತು. ಮಕ್ಕಳ ವಿಷಯದಲ್ಲೂ ನಾವು ಕಿವಿಗೊಡಬೇಕಾದ ಸದ್ದುಗಳಿವೆ:

'ನಾನು ಇಲ್ಲದಿದ್ದರೇ ಚೆನ್ನ', 'ಇನ್ನು ಸ್ವಲ್ಪ ದಿನ, ನಿಮಗೆ ತೊಂದರೆ ಇರುವುದಿಲ್ಲ' ಎಂಬಂಥ ಮಾತುಗಳು, ತಮಾಷೆಗೆ ಎಂಬಂತೆ ಹೇಳಿದರೂ ಸರಿ.

ಸಾವಿನ ಬಗ್ಗೆ ಮತ್ತೆ ಮತ್ತೆ ಮಾತು, ಬರಹ, ಮೊಬೈಲಿನ ಸ್ಟೇಟಸ್.

ಗೆಳೆಯರನ್ನು, ಆಟವನ್ನು, ಇಷ್ಟದ ಹವ್ಯಾಸವನ್ನು ಬಿಡುವುದು. ಕೋಣೆಯ ಬಾಗಿಲು ಮುಚ್ಚಿಕೊಂಡೇ ಇರುವುದು.

ನಿದ್ರೆ ಮತ್ತು ಹಸಿವಿನಲ್ಲಿ ಎರಡು ವಾರಕ್ಕೂ ಮೀರಿದ ಏರುಪೇರು; ಸ್ನಾನ, ಬಟ್ಟೆಯ ಬಗ್ಗೆ ನಿರ್ಲಕ್ಷ್ಯ.

ತರಗತಿಗೆ ಹೋಗದೆ ಬಸ್ ನಿಲ್ದಾಣದಲ್ಲಿ ದಿನ ಕಳೆಯುವುದು, ಹಾಜರಾತಿ ಇಳಿಯುವುದು.

ಹೊಸದಾಗಿ ಮದ್ಯ, ಮಾದಕ ವಸ್ತು, ಹಣ ಕಟ್ಟುವ ಆನ್‌ಲೈನ್ ಆಟ, ಆ್ಯಪ್ ಸಾಲಗಳಲ್ಲಿ ಸಿಲುಕುವುದು.

ತನಗೆ ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವುದು, ಎಲ್ಲರಿಗೂ ಫೋನು ಮಾಡಿ ಕ್ಷಮೆ ಕೇಳುವುದು.

ಬಹಳ ದಿನ ಕುಗ್ಗಿದ್ದವರು ಕಾರಣವಿಲ್ಲದೆ ಇದ್ದಕ್ಕಿದ್ದಂತೆ ನಿರಾಳವಾಗಿ ಕಾಣುವುದು. ಇದನ್ನು ಗುಣವಾಯಿತೆಂದು ತಿಳಿಯದೆ, ಹತ್ತಿರ ಕುಳಿತು ಮಾತನಾಡಿ.

ತಪ್ಪು ತಿಳಿವಳಿಕೆಗಳು

'ಸಾಯುತ್ತೇನೆ ಎನ್ನುವವರು ಸಾಯುವುದಿಲ್ಲ, ಸುಮ್ಮನೆ ಹೆದರಿಸುತ್ತಾರೆ.' ತಪ್ಪು. ಹಾಗೆ ತೀರಿಕೊಂಡವರಲ್ಲಿ ಬಹಳ ಮಂದಿ ಮುಂಚೆ ಯಾರಿಗಾದರೂ ಒಂದು ಸುಳಿವು ಕೊಟ್ಟಿರುತ್ತಾರೆ. ಅಂಥ ಮಾತನ್ನು ಸಹಾಯದ ಕೂಗೆಂದೇ ತಿಳಿಯಬೇಕು.

'ಆ ವಿಷಯ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತೆ.' ಇದೂ ತಪ್ಪು. ನ್ಯೂಯಾರ್ಕ್ ರಾಜ್ಯದ ಪ್ರೌಢಶಾಲೆಗಳ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಬಗ್ಗೆ ನೇರವಾಗಿ ಪ್ರಶ್ನಿಸಿದ ಮಕ್ಕಳಲ್ಲಿ ಅಂಥ ಯೋಚನೆ ಹೆಚ್ಚಲಿಲ್ಲ. ಮೊದಲೇ ಕುಗ್ಗಿದ್ದವರಲ್ಲಿ ಸ್ವಲ್ಪ ಹಗುರವಾದದ್ದು ಕಂಡುಬಂತು.

'ಇದು ಹೇಡಿಗಳ ಕೆಲಸ.' ಈ ಮಾತನ್ನು ಕೇಳಿದ ಮಗು ತನ್ನ ಯೋಚನೆಯನ್ನು ಇನ್ನೂ ಆಳಕ್ಕೆ ಬಚ್ಚಿಡುತ್ತದೆಯೇ ಹೊರತು ಧೈರ್ಯ ತಂದುಕೊಳ್ಳುವುದಿಲ್ಲ.

'ಮದುವೆ ಮಾಡಿದರೆ ಸರಿಹೋಗುತ್ತದೆ', 'ಗಾಳಿ ಸೋಕಿದೆ.' ದೇವರಿಗೆ ಹರಕೆ ಹೊರುವುದು ನಿಮ್ಮ ನಂಬಿಕೆ, ಅದನ್ನು ಬೇಡವೆನ್ನುವುದಿಲ್ಲ. ಆದರೆ ವೈದ್ಯರ ಬಳಿ ಹೋಗುವುದನ್ನು ಅದಕ್ಕಾಗಿ ಮುಂದೂಡಬೇಡಿ.

ಮನೆಯವರು ಏನು ಮಾಡಬೇಕು?

ಮೊದಲು, ಕೇಳಿ. ಅಡುಗೆ ಮನೆಯಲ್ಲೋ ತೋಟದ ದಾರಿಯಲ್ಲೋ ಬೇರೆ ಯಾರೂ ಇಲ್ಲದಾಗ ನಿಧಾನವಾಗಿ ಕೇಳಿ: 'ಈಚೆಗೆ ನೀನು ತುಂಬ ಸಪ್ಪಗಿದ್ದೀಯ. ಬದುಕೇ ಬೇಡ ಅನ್ನಿಸುತ್ತದೆಯಾ? ಸಾಯುವ ಯೋಚನೆ ಬರುತ್ತದೆಯಾ?' ಇಷ್ಟು ನೇರವಾಗಿ ಕೇಳಲು ನಾಲಗೆ ತಡವರಿಸುತ್ತದೆ, ನಿಜ. ಆದರೂ ಕೇಳಿ.

'ಹೌದು' ಎಂದರೆ ಬೆಚ್ಚಬೇಡಿ, ಬೈಯಬೇಡಿ, ಅಳುತ್ತಾ ಆಣೆ ಹಾಕಿಸಿಕೊಳ್ಳಬೇಡಿ. 'ನನಗೆ ಹೇಳಿದ್ದು ಒಳ್ಳೆಯದಾಯಿತು' ಎನ್ನಿ. ಬುದ್ಧಿವಾದವನ್ನು ನಾಳೆಗೆ ಇಟ್ಟುಕೊಳ್ಳಿ, ಇಂದು ಪೂರ್ತಿ ಕೇಳಿಸಿಕೊಳ್ಳಿ. 'ಪಕ್ಕದ ಮನೆಯವನನ್ನು ನೋಡು' ಎಂಬ ಮಾತು ಖಂಡಿತ ಬೇಡ.

ಎರಡನೆಯದು, ಒಂಟಿಯಾಗಿ ಬಿಡಬೇಡಿ. ಯೋಚನೆ ತೀವ್ರವಾಗಿದ್ದರೆ, ಹೇಗೆ, ಯಾವಾಗ ಎಂದು ಯೋಜನೆ ಮಾಡಿಕೊಂಡಿದ್ದರೆ ಅದು ತುರ್ತು ಪರಿಸ್ಥಿತಿ. ರಾತ್ರಿಯೂ ಜೊತೆಗೊಬ್ಬರು ಇರಬೇಕು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಆಂಬುಲೆನ್ಸಿಗೆ 108, ತುರ್ತು ನೆರವಿಗೆ 112.

ಮೂರನೆಯದು, ಅಪಾಯಕಾರಿ ವಸ್ತುಗಳನ್ನು ಕೈಗೆ ಸಿಗದಂತೆ ಇಡಿ. ಕೃಷಿಕರ ಮನೆಗಳಲ್ಲಿ ತೋಟಕ್ಕೆ ಹೊಡೆಯುವ ಔಷಧಿಗಳು ಮೂಲೆಯಲ್ಲಿ, ಅಟ್ಟದಲ್ಲಿ ಇರುತ್ತವೆ. ಅವನ್ನು ಮನೆಯಿಂದ ಹೊರಗೆ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ, ಬೀಗದ ಕೈ ಒಬ್ಬ ಹಿರಿಯರ ಬಳಿಯಿರಲಿ, ಉಳಿದದ್ದನ್ನು ಕೂಡಿಡಬೇಡಿ. ಮನೆಯ ಮಾತ್ರೆಗಳಿಗೂ ಇದೇ ನಿಯಮ. 'ಸಾಯುವವರು ಹೇಗಾದರೂ ಸಾಯುತ್ತಾರೆ' ಎಂಬ ಮಾತು ಸುಳ್ಳು. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಹಂತ ಹಂತವಾಗಿ ನಿಷೇಧಿಸಿದ ಮೇಲೆ, 1995ರ ನಂತರದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ಆವೇಗದ ಹೊತ್ತನ್ನು ದಾಟಿಸಿದರೆ ಜೀವ ಉಳಿಯುತ್ತದೆ ಎಂದದ್ದಕ್ಕೆ ಇದೇ ಸಾಕ್ಷಿ.

ನಾಲ್ಕನೆಯದು, ಪೊಲೀಸ್ ಕೇಸಿನ ಭಯದಿಂದ ಚಿಕಿತ್ಸೆ ತಡಮಾಡಬೇಡಿ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು, ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕೆಂದೂ, ಸರ್ಕಾರ ಆತನಿಗೆ ಆರೈಕೆ ನೀಡಬೇಕೆಂದೂ ಹೇಳುತ್ತದೆ. ಹಳೆಯ ದಂಡ ಸಂಹಿತೆಯ 309ನೇ ಕಲಮು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ.

ಚಿಕಿತ್ಸೆ ಎಲ್ಲಿ?

ಮನೋವೈದ್ಯರೆಂದರೆ ಬೆಂಗಳೂರಿಗೇ ಹೋಗಬೇಕೆಂದೇನಿಲ್ಲ. ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಆಸ್ಪತ್ರೆಗೆ ತರಬಹುದೆಂದು ತೋರಿಸಿಕೊಟ್ಟದ್ದೇ ಕರ್ನಾಟಕ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ, 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2014ರಲ್ಲಿ ರಾಜ್ಯದಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಟಾಯಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರು ತಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಅವರು ಬರುವ ದಿನವನ್ನು ವಿಚಾರಿಸಿಕೊಳ್ಳಿ. ಜಿಲ್ಲಾ ಆಸ್ಪತ್ರೆ ತುಮಕೂರಿನಲ್ಲಿದೆ.

ಮನೆಯಿಂದ ಹೊರಡಲು ಹಿಂಜರಿಕೆಯಿದ್ದರೆ 14416ಕ್ಕೆ ಫೋನು ಮಾಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮನಸ್' ಸಹಾಯವಾಣಿ. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಹುಡುಗರೂ ಮಾಡಬಹುದು, ಅವರ ಬಗ್ಗೆ ಚಿಂತೆಯಿರುವ ತಾಯಿಯೂ ಮಾಡಬಹುದು.

ಖಿನ್ನತೆಗೆ ಆಪ್ತ ಸಲಹೆ, ಮನೋಚಿಕಿತ್ಸೆ, ಮಾತ್ರೆಗಳು ಇವೆ. ಖಿನ್ನತೆಯ ಮಾತ್ರೆಗಳು ನಿದ್ರೆ ಮಾತ್ರೆಗಳಂತೆ ಚಟ ಹಿಡಿಸುವಂಥವಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ. 25 ವರ್ಷದೊಳಗಿನವರಲ್ಲಿ ಮಾತ್ರೆ ಶುರುಮಾಡಿದ ಮೊದಲ ವಾರಗಳಲ್ಲಿ ಚಡಪಡಿಕೆ ಅಥವಾ ಸಾಯುವ ಯೋಚನೆ ಹೆಚ್ಚಿದರೆ ತಕ್ಷಣ ವೈದ್ಯರಿಗೆ ತಿಳಿಸಿ. ನೀವಾಗಿಯೇ ನಿಲ್ಲಿಸಬೇಡಿ.

ಚಿಕಿತ್ಸೆ ಮುಗಿದು ಮನೆಗೆ ಬಂದ ಮೇಲೂ ಸಂಪರ್ಕ ಬಿಡಬೇಡಿ. ಚೆನ್ನೈ ಸೇರಿದಂತೆ ಐದು ದೇಶಗಳ ಐದು ಊರುಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದ 1,867 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಒಂದು ಗಂಟೆಯ ತಿಳಿವಳಿಕೆ ನೀಡಿ, ನಂತರ ಹದಿನೆಂಟು ತಿಂಗಳ ಕಾಲ ಆಗಾಗ ಫೋನು ಮಾಡಿಯೋ ಮನೆಗೆ ಹೋಗಿಯೋ ವಿಚಾರಿಸಲಾಯಿತು. ಉಳಿದವರಲ್ಲಿ ಶೇ 2.2ರಷ್ಟು ಜನ ಆತ್ಮಹತ್ಯೆಯಿಂದ ತೀರಿಕೊಂಡರೆ, ಹೀಗೆ ವಿಚಾರಿಸಿಕೊಂಡವರಲ್ಲಿ ಅದು ಶೇ 0.2 ಮಾತ್ರ. 'ಹೇಗಿದ್ದೀಯಪ್ಪಾ?' ಎಂದು ಬಿಡದೆ ಕೇಳುವುದೂ ಒಂದು ಔಷಧವೇ.

ಅಧ್ಯಾಪಕರಿಗೆ ಒಂದು ಮಾತು

ಸತತವಾಗಿ ಗೈರುಹಾಜರಾಗುವ ವಿದ್ಯಾರ್ಥಿಗೆ ದಂಡದ ನೋಟೀಸು ಕಳಿಸುವ ಮುನ್ನ ಒಮ್ಮೆ ಕರೆದು ಮಾತನಾಡಿಸಿ. ಫಲಿತಾಂಶದ ದಿನ, ಅದರ ಮರುದಿನ ಕಾಲೇಜಿನಲ್ಲಿ ಮಾತಿಗೆ ಸಿಗುವಂತಿರಿ. ಎಲ್ಲರೆದುರು ಅಂಕ ಓದಿ ಅವಮಾನಿಸುವುದನ್ನು ಬಿಡಿ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ ದೇಶದ ಶಿಕ್ಷಣ ಸಂಸ್ಥೆಗಳಿಗೆಲ್ಲ ಮಾರ್ಗಸೂಚಿಗಳನ್ನು ನೀಡಿದೆ. ಆಪ್ತ ಸಲಹೆಗಾರರು ಇರಬೇಕು, ಸಹಾಯವಾಣಿಯ ಸಂಖ್ಯೆ ಎಲ್ಲರಿಗೂ ಕಾಣುವಂತಿರಬೇಕು, ಸಿಬ್ಬಂದಿಗೆ ತರಬೇತಿ ಆಗಬೇಕು ಎಂಬುವು ಅದರಲ್ಲಿವೆ. ನಿಮ್ಮ ಕಾಲೇಜಿನ ಗೋಡೆಯ ಮೇಲೆ 14416 ಇದೆಯೇ, ನೋಡಿ.

ಯುರೋಪಿನ ಹತ್ತು ದೇಶಗಳ ಹನ್ನೊಂದು ಸಾವಿರ ಶಾಲಾ ಮಕ್ಕಳ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ತರಗತಿಯಲ್ಲೇ ಮನಸ್ಸಿನ ಕಷ್ಟಗಳ ಬಗ್ಗೆ ಕೆಲವು ಗಂಟೆ ಚರ್ಚೆ, ಪಾತ್ರಾಭಿನಯ ನಡೆಸಿದ ಶಾಲೆಗಳಲ್ಲಿ, ವರ್ಷದ ಬಳಿಕ ನೋಡಿದಾಗ ಆತ್ಮಹತ್ಯೆಯ ಹೊಸ ಯತ್ನಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಇದಕ್ಕೆ ದೊಡ್ಡ ಕಟ್ಟಡ ಬೇಡ, ವಾರಕ್ಕೊಂದು ಪೀರಿಯಡ್ ಸಾಕು.

ಓದುತ್ತಿರುವ ಮಕ್ಕಳೇ, ಕೇಳಿ

ಈ ಅಂಕಣವನ್ನು ನೀವೂ ಓದುತ್ತಿರಬಹುದು. ಸಾಯುವ ಯೋಚನೆ ಬಂದ ಮಾತ್ರಕ್ಕೆ ನೀವು ಕೆಟ್ಟವರಲ್ಲ, ಹುಚ್ಚರಲ್ಲ. ಜ್ವರ ಬಂದಂತೆ ಅದು ಒಳಗೇನೋ ಸರಿಯಿಲ್ಲವೆಂಬ ಸೂಚನೆ. ಜ್ವರದಂತೆಯೇ ಅದು ಇಳಿಯುತ್ತದೆ. ಆ ಯೋಚನೆ ಬಂದ ಹೊತ್ತಿನಲ್ಲಿ ಯಾವ ತೀರ್ಮಾನವನ್ನೂ ಮಾಡಬೇಡಿ. ಒಂಟಿಯಾಗಿರಬೇಡಿ, ಎದ್ದು ಜನರಿರುವ ಕಡೆಗೆ ಬನ್ನಿ. ಈಗಲೇ ಒಂದು ಚೀಟಿಯಲ್ಲಿ ನೀವು ನಂಬುವ ಮೂವರ ಹೆಸರು, ಫೋನ್ ಸಂಖ್ಯೆ ಬರೆದು, ಕೊನೆಯಲ್ಲಿ 14416 ಎಂದು ಸೇರಿಸಿ ಜೇಬಿನಲ್ಲಿಡಿ. ಹೇಗೆ ಹೇಳುವುದೆಂದು ತಿಳಿಯದಿದ್ದರೆ ಇಷ್ಟೇ ಹೇಳಿ: 'ನನಗೆ ತುಂಬ ಕಷ್ಟವಾಗುತ್ತಿದೆ, ಸ್ವಲ್ಪ ಹೊತ್ತು ನನ್ನ ಜೊತೆ ಇರು.' ಒಬ್ಬರು ಗಮನ ಕೊಡದಿದ್ದರೆ ಇನ್ನೊಬ್ಬರಿಗೆ ಹೇಳಿ.

ಗೆಳೆಯನೊಬ್ಬ ಗುಟ್ಟಾಗಿ ಇಂಥ ಮಾತನ್ನು ನಿಮಗೆ ಹೇಳಿದರೆ ಆ ಗುಟ್ಟನ್ನು ಕಾಯಬೇಡಿ. ನಂಬಿಕಸ್ಥ ಹಿರಿಯರಿಗೆ ತಿಳಿಸಿ. ಅವನು ಸಿಟ್ಟಾಗಬಹುದು. ಸಿಟ್ಟಾದ ಗೆಳೆಯ ನಾಳೆ ಮತ್ತೆ ಮಾತನಾಡುತ್ತಾನೆ.

ಪರೀಕ್ಷೆ ಹೋಯಿತೆಂದು ಕುಗ್ಗಬೇಡಿ. ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ನಮ್ಮ ರಾಜ್ಯದಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿಯಿದೆ. ಮುಂದಿನ ಓದಿನಲ್ಲೂ ಮರುಪರೀಕ್ಷೆಗಳಿವೆ. ಒಂದು ವರ್ಷ ತಡವಾಗಿ ಪದವಿ ಪಡೆದವರನ್ನು ಮೂವತ್ತನೇ ವಯಸ್ಸಿನಲ್ಲಿ ಯಾರೂ ಆ ಬಗ್ಗೆ ಕೇಳುವುದಿಲ್ಲ.

ಕೊನೆಯದಾಗಿ ತಂದೆತಾಯಿಗಳಿಗೆ. ಇಂದು ಸಂಜೆ ಮಗ ಅಥವಾ ಮಗಳು ಕ್ರಾಸ್‌ನಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಅಂಕದ ಮಾತು, ಫೀಸಿನ ಮಾತು ಆಮೇಲಿರಲಿ. ಟಿ.ವಿ. ಆರಿಸಿ, ಮೊಬೈಲು ಪಕ್ಕಕ್ಕಿಟ್ಟು, ಕಾಫಿ ಕೊಟ್ಟು, ಹತ್ತು ನಿಮಿಷ ಎದುರು ಕುಳಿತುಕೊಳ್ಳಿ. 'ನೀನು ಪಾಸಾದರೂ ಫೇಲಾದರೂ ನಮ್ಮ ಮಗುವೇ, ನೀನು ನಮಗೆ ಹೊರೆಯಲ್ಲ' ಎಂದು ಒಂದು ಸಲ ಬಾಯಿಬಿಟ್ಟು ಹೇಳಿ. ಅವರಿಗೆ ಗೊತ್ತೇ ಇರುತ್ತದೆ ಎಂದುಕೊಳ್ಳಬೇಡಿ. ಎಷ್ಟೋ ಮಕ್ಕಳಿಗೆ ಅದು ಗೊತ್ತಿರುವುದಿಲ್ಲ.